ನರಕದ ಛಾವಣಿಯನ್ನು ಅಳೆದ ತರುಣ

ಓದುಗರ ಪ್ರಶ್ನೆ: ನನ್ನ ಮಗಳು ಐದು ವರ್ಷದಿಂದ ಗಮಕ ಕಲಿಯುತ್ತಿದ್ದಾಳೆ. ಈ ವರ್ಷ ಪಿಯುಸಿಯಲ್ಲಿ ವಿಜ್ಞಾನ ತಗೊಂಡಳು. "ಇನ್ನು ಕುಮಾರವ್ಯಾಸ ಸಾಕು. ವಿಜ್ಞಾನಕ್ಕೆ ಬೇಕಾದದ್ದು ಲೆಕ್ಕ, ಕಲ್ಪನೆ ಅಲ್ಲ" ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಅವಳು ಮಾತ್ರ "ಎರಡೂ ಒಂದೇ ಥರದ ಕೆಲಸ ಅಮ್ಮಾ" ಅನ್ನುತ್ತಾಳೆ. ಮಹಾಕಾವ್ಯ ಬರೆಯುವ ಕವಿಯ ಕಲ್ಪನೆಗೂ ವಿಜ್ಞಾನಿಯ ಕಲ್ಪನೆಗೂ ನಿಜವಾಗಿ ಸಂಬಂಧ ಇದೆಯಾ? ಅಥವಾ ಇದು ಸಭೆಗಳಲ್ಲಿ ಹೇಳುವ ಚಂದದ ಮಾತು ಅಷ್ಟೇನಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಬಹುಪಾಲು ಸರಿ. ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಎರಡೂ ಬೇರೆಯಾಗುತ್ತವೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ರವಿ ಕಾಣದ್ದನ್ನು ಕವಿ ಕಂಡ" ಎಂದು ಹೇಳಿ ಮುಗಿಸಬಹುದು. ಆದರೆ ಅದರಿಂದ ನಿಮ್ಮ ಮನೆಯ ಹಿರಿಯರಿಗೆ ಉತ್ತರ ಸಿಗುವುದಿಲ್ಲ. ಅವರ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಕಲ್ಪನೆ ಅಂದರೆ ಮನಸ್ಸಿಗೆ ಬಂದ ಹಾಗೆ ಹಾರುವುದು, ಲೆಕ್ಕ ಅಂದರೆ ನೆಲದ ಮೇಲೆ ಕಾಲೂರಿ ನಡೆಯುವುದು ಅಂತ. ಮಹಾಕಾವ್ಯಗಳನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಹಾಗೆ ಸುಮ್ನೆ ಹಾರುವ ಕಲ್ಪನೆ ಕಾಣುವುದೇ ಕಡಿಮೆ. ದೊಡ್ಡ ವಿಜ್ಞಾನದಲ್ಲಿ ಬರೀ ಲೆಕ್ಕವೂ ಅಷ್ಟೇ ಕಡಿಮೆ.

ಇದನ್ನು ತೋರಿಸಲು ನನಗೆ ಯಾವಾಗಲೂ ನೆನಪಾಗುವುದು ಒಬ್ಬನೇ ಮನುಷ್ಯ, ಗೆಲಿಲಿಯೋ. ಅವನ ಹಿಂದೆ ಡಾಂಟೆ ಇದ್ದಾನೆ, ಮುಂದೆ ಮಿಲ್ಟನ್ ಇದ್ದಾನೆ. ಇಬ್ಬರು ಮಹಾಕವಿಗಳ ನಡುವೆ ನಿಂತ ವಿಜ್ಞಾನಿ ಅವನು.

1588ನೇ ಇಸವಿ. ಗೆಲಿಲಿಯೋಗೆ 24 ವರ್ಷ. ವೈದ್ಯ ಓದಲೆಂದು ಪೀಸಾದ ವಿಶ್ವವಿದ್ಯಾಲಯಕ್ಕೆ ಸೇರಿದ್ದ. ಪದವಿ ಮುಗಿಸದೆ ಹೊರಗೆ ಬಂದಿದ್ದ. ಮನೆಪಾಠ ಹೇಳಿಕೊಂಡು, ಎಲ್ಲಾದರೂ ಗಣಿತದ ಮೇಷ್ಟ್ರ ಕೆಲಸ ಸಿಗುತ್ತದಾ ಎಂದು ಹುಡುಕುತ್ತಿದ್ದ ಕಾಲ. ಆಗ ಫ್ಲಾರೆನ್ಸಿನ ಅಕಾಡೆಮಿ ಅವನನ್ನು ಎರಡು ಉಪನ್ಯಾಸಕ್ಕೆ ಕರೆಯಿತು. ವಿಷಯ ಏನು ಗೊತ್ತಾ? ಡಾಂಟೆಯ ಕಾವ್ಯದಲ್ಲಿ ಬರುವ ನರಕದ ಆಕಾರ, ಅದು ಇರುವ ಜಾಗ ಮತ್ತು ಅದರ ಗಾತ್ರ.

ಈಗ ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ಡಾಂಟೆಯನ್ನು ಓದಿದವರಿಗೆ ವಿಚಿತ್ರ ಅನಿಸುವುದಿಲ್ಲ. 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿ, 1302ರಲ್ಲಿ ಊರಿನಿಂದ ಗಡೀಪಾರಾಗಿ, 1321ರಲ್ಲಿ ಪರ ಊರಿನಲ್ಲೇ ತೀರಿಕೊಂಡ ಕವಿ ಅವನು. ನರಕ, ಶುದ್ಧಿಯ ಬೆಟ್ಟ, ಸ್ವರ್ಗ ಈ ಮೂರನ್ನೂ ನೂರು ಸರ್ಗಗಳಲ್ಲಿ ಹಾಡಿದ. ಅವನ ನರಕ ಕತ್ತಲೆ, ಬೆಂಕಿ, ಕಿರುಚಾಟ ಅಷ್ಟೇ ಅಲ್ಲ. ಅದಕ್ಕೊಂದು ನಕ್ಷೆ ಇದೆ. ಜೆರುಸಲೇಮಿನ ಕೆಳಗೆ ಆಲಿಕೆಯ ಹಾಗೆ ಇಳಿಯುತ್ತಾ ಕಿರಿದಾಗುತ್ತಾ ಹೋಗಿ, ಭೂಮಿಯ ನಟ್ಟನಡುವೆ ಮುಗಿಯುವ ಗುಂಡಿ. ಒಂಬತ್ತು ಸುತ್ತು. ಯಾವ ಸುತ್ತಿನಿಂದ ಯಾವ ಸುತ್ತಿಗೆ ಹೇಗೆ ಇಳಿದರು, ಎಡಕ್ಕೆ ತಿರುಗಿದರೋ ಬಲಕ್ಕೋ, ಆಗ ಗಂಟೆ ಎಷ್ಟು, ಎಲ್ಲವನ್ನೂ ಹೇಳುತ್ತಾನೆ. ಅಲ್ಲಲ್ಲಿ ಅಳತೆಯನ್ನೂ ಕೊಡುತ್ತಾನೆ.

ಆ ಅಳತೆಗಳನ್ನು ಗೆಲಿಲಿಯೋ ಹೇಗೆ ಹಿಡಿದ ನೋಡಿ. ಡಾಂಟೆ ಒಬ್ಬ ದೈತ್ಯನನ್ನು ಕಾಣುತ್ತಾನೆ. ಅವನ ಮುಖ ರೋಮ್ ನಗರದ ಕಂಚಿನ ಪೈನ್ ಕಾಯಿಯಷ್ಟು ಉದ್ದ ಇತ್ತು ಅನ್ನುತ್ತಾನೆ. ಆ ಕಂಚಿನ ಕಾಯಿ ಇವತ್ತಿಗೂ ವ್ಯಾಟಿಕನ್ನಿನ ಒಂದು ಅಂಗಳದಲ್ಲಿದೆ. ಅದರ ಎತ್ತರ ಐದೂವರೆ ಬ್ರಾಚೊ ಎಂದು ಗೆಲಿಲಿಯೋ ಹಿಡಿದ. ಬ್ರಾಚೊ ಅಂದರೆ ನಮ್ಮ ಮೊಳದ ಹಾಗೆ ತೋಳಿನ ಅಳತೆ, ಸುಮಾರು 58 ಸೆಂಟಿಮೀಟರ್. ಮನುಷ್ಯನ ಎತ್ತರ ಅವನ ತಲೆಯ ಎಂಟರಷ್ಟು ಅನ್ನುವುದು ಚಿತ್ರಕಾರರ ಲೆಕ್ಕ. ಹಾಗಾದರೆ ದೈತ್ಯ 44 ಬ್ರಾಚೊ. ಇನ್ನು ನರಕದ ತಳದಲ್ಲಿ ಹಿಮದೊಳಗೆ ಹೂತುಹೋದ ಲೂಸಿಫರ್, ಅಂದರೆ ಸೈತಾನ, ಇದ್ದಾನಲ್ಲ, ಅವನ ಎತ್ತರ ಎಷ್ಟು? "ದೈತ್ಯನ ಮುಂದೆ ನಾನು ಎಷ್ಟು ಸಣ್ಣವನೋ, ಲೂಸಿಫರನ ತೋಳಿನ ಮುಂದೆ ದೈತ್ಯರು ಅದಕ್ಕಿಂತ ಸಣ್ಣವರು" ಅನ್ನುವ ಅರ್ಥದ ಮಾತು ಕಾವ್ಯದಲ್ಲಿದೆ. ಮನುಷ್ಯ 3 ಬ್ರಾಚೊ, ದೈತ್ಯ 44. ಅದೇ ಅನುಪಾತದಲ್ಲಿ ಹೋದರೆ ಲೂಸಿಫರನ ತೋಳು 645. ತೋಳಿನ ಮೂರರಷ್ಟು ಎತ್ತರ ಅಂತ ಇಟ್ಟುಕೊಂಡರೆ ಇಡೀ ದೇಹ 1935, ಅಂದಾಜು 2000 ಬ್ರಾಚೊ. ನಮ್ಮ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೂ ಜಾಸ್ತಿ.

ಇಡೀ ನರಕದ ಗಾತ್ರವನ್ನೂ ಅವನು ಲೆಕ್ಕ ಹಾಕಿದ. ಮೇಲಿನಿಂದ ನೋಡಿದರೆ ಭೂಮಿಯ ಸುತ್ತಳತೆಯ ಆರನೇ ಒಂದು ಭಾಗದಷ್ಟು ಅಗಲದ ಬಾಯಿ. ಹಾಗಾಗಿ ನರಕ ಭೂಮಿಯ ಆರನೇ ಒಂದು ಭಾಗ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಶಂಕುವಿನ ಲೆಕ್ಕ ಮಾಡಿದರೆ ಅದು ಹದಿನಾಲ್ಕನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ನಿಮ್ಮ ಮಗಳು ಇದನ್ನು ಮಾಡಿ ನೋಡಲಿ. ಗಣಿತ ಪಕ್ಕಾ ಇದೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಲ್ಲಿಯವರೆಗೆ ವಿಜ್ಞಾನಿಗಿಂತ ಕವಿಗೇ ಜಾಸ್ತಿ ಮರ್ಯಾದೆ ಸಲ್ಲಬೇಕು ಅನಿಸುತ್ತದೆ ನನಗೆ. ಯಾಕೆಂದರೆ ಈ ಲೆಕ್ಕ ಸಾಧ್ಯವಾದದ್ದು ಡಾಂಟೆ ಕಟ್ಟಿದ ಲೋಕ ಅಷ್ಟು ಬಿಗಿಯಾಗಿದ್ದುದರಿಂದ. "ದೈತ್ಯ ತುಂಬಾ ದೊಡ್ಡವನು" ಎಂದು ಬರೆದಿದ್ದರೆ ಅಳೆಯಲು ಏನೂ ಇರುತ್ತಿರಲಿಲ್ಲ. ಕಾಣದ ಲೋಕವನ್ನು ಕಟ್ಟುವಾಗಲೂ ಅವನು, ರೋಮಿಗೆ ಹೋದ ಯಾರು ಬೇಕಾದರೂ ನೋಡಬಹುದಾದ ಒಂದು ಕಂಚಿನ ವಸ್ತುವನ್ನು ಅಳತೆಗೆ ಇಟ್ಟುಕೊಂಡ. ಒಮ್ಮೆ ಇಟ್ಟ ಮೇಲೆ ಅದಕ್ಕೆ ಬದ್ಧನಾಗಿ ಉಳಿದ.

ಇದಕ್ಕಿಂತ ದೊಡ್ಡ ಉದಾಹರಣೆ ನರಕದ ಕೊನೆಯಲ್ಲಿದೆ. ಡಾಂಟೆ ಮತ್ತು ಅವನ ದಾರಿಗುರು ವರ್ಜಿಲ್ ಭೂಮಿಯ ನಡುವಿಗೆ ಬಂದಿದ್ದಾರೆ. ಲೂಸಿಫರನ ಮೈಯ ರೋಮ ಹಿಡಿದು ಕೆಳಗೆ ಇಳಿಯುತ್ತಿದ್ದಾರೆ. ಸೊಂಟದ ಹತ್ತಿರ ಬಂದಾಗ ವರ್ಜಿಲ್ ಏದುಸಿರು ಬಿಡುತ್ತಾ ತಲೆಕೆಳಗಾಗಿ ತಿರುಗುತ್ತಾನೆ. ಆಮೇಲೆ ಹತ್ತಲು ಶುರು ಮಾಡುತ್ತಾನೆ. ಡಾಂಟೆಗೆ ಗಾಬರಿ. ಮತ್ತೆ ನರಕಕ್ಕೇ ಹೋಗುತ್ತಿದ್ದೇವಾ? ತಲೆಯೆತ್ತಿ ನೋಡಿದರೆ ಲೂಸಿಫರನ ಕಾಲುಗಳು ಮೇಲಕ್ಕೆ ನಿಂತಿವೆ! ಆಗ ವರ್ಜಿಲ್ ಹೇಳುತ್ತಾನೆ: ಎಲ್ಲ ಕಡೆಯ ಭಾರಗಳೂ ಯಾವ ಬಿಂದುವಿನತ್ತ ಎಳೆಯಲ್ಪಡುತ್ತವೋ ಆ ಬಿಂದುವನ್ನು ನೀನು ದಾಟಿದೆ. ಇನ್ನೊಂದು ಮಾತು, ಈಗ ತಾನೇ ಸಂಜೆಯಾಗಿತ್ತು, ಇಷ್ಟು ಬೇಗ ಬೆಳಗಾಗಿದ್ದು ಹೇಗೆ? ಭೂಮಿಯ ಇನ್ನೊಂದು ಬದಿಗೆ ಬಂದಿದ್ದೇವೆ, ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಗು.

ಅಮೆರಿಕದಲ್ಲಿರುವ ಮಗನಿಗೆ ಫೋನ್ ಮಾಡುವ ಮುಂಚೆ ಅಲ್ಲಿ ಎಷ್ಟು ಗಂಟೆ ಎಂದು ನಾವು ಲೆಕ್ಕ ಹಾಕುತ್ತೇವೆ. ಡಾಂಟೆಯ ಕಾಲದಲ್ಲಿ ಯೂರೋಪಿನವರು ಯಾರೂ ಆ ಬದಿಗೆ ಹೋಗಿ ಬಂದಿರಲಿಲ್ಲ. ಭೂಮಿ ದುಂಡಗಿದೆ, ಭಾರ ಇರುವ ವಸ್ತುಗಳು ಅದರ ನಡುವಿನ ಕಡೆಗೆ ಹೋಗುತ್ತವೆ ಅನ್ನುವುದು ಓದಿದವರಿಗೆ ಗೊತ್ತಿತ್ತು. ಅರಿಸ್ಟಾಟಲ್ ಹೇಳಿದ್ದ ಮಾತು ಅದು. ಪುಸ್ತಕದಲ್ಲಿ ಓದುವುದು ಬೇರೆ. ಆ ನಡುವನ್ನು ದಾಟುವ ಮನುಷ್ಯನ ಮೈಗೆ ಏನಾಗುತ್ತದೆ, "ಕೆಳಗೆ" ಅನ್ನುವುದು ಯಾವ ಕ್ಷಣದಲ್ಲಿ "ಮೇಲೆ" ಆಗುತ್ತದೆ ಎಂದು ಕೇಳಿಕೊಳ್ಳುವುದು ಬೇರೆ. ಈ ಎರಡನೆಯದನ್ನು ನಾನು ಕಲ್ಪನೆ ಅನ್ನುತ್ತೇನೆ. ಆ ನಡುವಿನಲ್ಲಿ ತೂಕವೇ ಇರುವುದಿಲ್ಲ ಅನ್ನುವುದು ನ್ಯೂಟನ್ ಆದ ಮೇಲೆ ನಮಗೆ ಗೊತ್ತಾಗಿದೆ. ಹಾಗಾಗಿ ವರ್ಜಿಲ್ ಅಲ್ಲಿ ಅಷ್ಟು ಕಷ್ಟಪಡಬೇಕಾಗಿರಲಿಲ್ಲ. ಆದರೆ ದಿಕ್ಕು ತಿರುಗುತ್ತದೆ ಅನ್ನುವುದರಲ್ಲಿ ಕವಿ ಎಡವಲಿಲ್ಲ.

ಇನ್ನೊಂದು ಜಾಗ ನನಗೆ ಬಹಳ ಇಷ್ಟ. ನರಕದ ನಡುದಾರಿಯಲ್ಲಿ ಗೆರಿಯನ್ ಅನ್ನುವ ರೆಕ್ಕೆಯಿಲ್ಲದ ಒಂದು ಪ್ರಾಣಿಯ ಬೆನ್ನ ಮೇಲೆ ಕೂತು ಕತ್ತಲಲ್ಲಿ ಇಳಿಯಬೇಕು. ಅದು ಸುತ್ತುತ್ತಾ, ನಿಧಾನವಾಗಿ ಈಜುವ ಹಾಗೆ ಇಳಿಯುತ್ತದೆ. ಡಾಂಟೆ ಹೇಳುತ್ತಾನೆ: ಮುಖಕ್ಕೂ ಕೆಳಗಿನಿಂದಲೂ ಗಾಳಿ ಬಡಿಯುತ್ತಿತ್ತು, ಅದು ಬಿಟ್ಟರೆ ನಾನು ಚಲಿಸುತ್ತಿದ್ದೇನೆ ಎಂದು ನನಗೆ ಗೊತ್ತೇ ಆಗಲಿಲ್ಲ. ವಿಮಾನ ಇರದ ಕಾಲದಲ್ಲಿ ಈ ಅನುಭವವನ್ನು ಅವನು ಎಲ್ಲಿಂದ ತಂದ? ಕಣ್ಣು ಮುಚ್ಚಿ ಕೂತು, ಆ ಬೆನ್ನ ಮೇಲೆ ನಾನಿದ್ದರೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂದು ಒಂದೊಂದೇ ಕೇಳಿಕೊಂಡಿರಬೇಕು. ಮುನ್ನೂರು ವರ್ಷದ ನಂತರ, 1632ರಲ್ಲಿ, ಗೆಲಿಲಿಯೋ ಇದೇ ಥರದ ಪ್ರಶ್ನೆ ಹಾಕಿಕೊಂಡ. ಹಡಗಿನ ಒಳಕೋಣೆಯಲ್ಲಿ ನಿಮ್ಮನ್ನು ಕೂರಿಸಿ ಬಾಗಿಲು ಹಾಕಿದ್ದಾರೆ. ಚಿಟ್ಟೆಗಳು ಹಾರುತ್ತಿವೆ. ಬೋಗುಣಿಯಲ್ಲಿ ಮೀನು ಈಜುತ್ತಿದೆ. ಮೇಲಿನ ಪಾತ್ರೆಯಿಂದ ಹನಿಹನಿಯಾಗಿ ನೀರು ಬೀಳುತ್ತಿದೆ. ಹಡಗು ಕುಲುಕದೆ ಒಂದೇ ವೇಗದಲ್ಲಿ ಸಾಗಿದರೆ, ಅದು ನಿಂತಿದೆಯೋ ಚಲಿಸುತ್ತಿದೆಯೋ ಎಂದು ಇವುಗಳನ್ನು ನೋಡಿ ಹೇಳಲು ಆಗುವುದಿಲ್ಲ. ಭೂಮಿ ತಿರುಗಿದರೆ ನಮಗೆ ಯಾಕೆ ಗೊತ್ತಾಗುವುದಿಲ್ಲ ಅನ್ನುವ ಪ್ರಶ್ನೆಗೆ ಇಲ್ಲಿಂದ ಉತ್ತರ ಬಂತು. ಡಾಂಟೆಯಿಂದ ಗೆಲಿಲಿಯೋ ಇದನ್ನು ಕಲಿತ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಮಾಡಿದ ಕೆಲಸ ಒಂದೇ ಥರದ್ದು ಅನ್ನುತ್ತಿದ್ದೇನೆ.

ಈಗ ನರಕದ ಛಾವಣಿಗೆ ವಾಪಸ್ ಬರೋಣ. ಅಷ್ಟು ಅಗಲದ ಗುಂಡಿಯ ಮೇಲೆ ಭೂಮಿಯ ಮೇಲ್ಪದರ ಕಮಾನಿನ ಹಾಗೆ ನಿಂತಿದೆ. ಅದು ಕುಸಿಯುವುದಿಲ್ಲವಾ ಎಂದು ಯಾರೋ ಕೇಳಬಹುದು. ಗೆಲಿಲಿಯೋ ಉತ್ತರ ಸಿದ್ಧ ಇಟ್ಟುಕೊಂಡಿದ್ದ. ಛಾವಣಿ 400 ಮೈಲಿಗೂ ಹೆಚ್ಚು ದಪ್ಪ ಇದೆ. ಕೆಲವೇ ಮಾರು ಅಗಲದ ಒಂದು ಸಣ್ಣ ಕಮಾನನ್ನು ನೋಡಿ, ಅದರ ಅಗಲಕ್ಕೆ ಇದೇ ಅನುಪಾತದ ದಪ್ಪ ಕೊಟ್ಟರೆ ಧಾರಾಳವಾಗಿ ನಿಲ್ಲುತ್ತದೆ. ಸಣ್ಣದು ನಿಂತರೆ ಅದೇ ಆಕಾರದ ದೊಡ್ಡದೂ ನಿಲ್ಲುತ್ತದೆ. ಕೇಳಿದವರಿಗೆ ಒಪ್ಪಿಗೆಯಾಯಿತು. ಮರುವರ್ಷ, 1589ರಲ್ಲಿ, ಪೀಸಾದಲ್ಲಿ ಗಣಿತದ ಹುದ್ದೆಯೂ ಸಿಕ್ಕಿತು.

ಆದರೆ ಆ ವಾದ ತಪ್ಪು. ಪೂರ್ತಿ ತಪ್ಪು.

ಯಾಕೆ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಹಸಿ ಜೇಡಿಮಣ್ಣಿನಲ್ಲಿ ಕಿರುಬೆರಳಿನಷ್ಟು ಒಂದು ಸೇತುವೆ ಮಾಡಿ ಎರಡು ಬೆಂಕಿಪೊಟ್ಟಣಗಳ ಮೇಲೆ ಇಡಿ. ನಿಲ್ಲುತ್ತದೆ. ಅದೇ ಮಣ್ಣಿನಲ್ಲಿ, ಉದ್ದ ಅಗಲ ದಪ್ಪ ಎಲ್ಲವನ್ನೂ ಹತ್ತು ಪಟ್ಟು ಮಾಡಿ ಎರಡು ಸ್ಟೂಲುಗಳ ಮೇಲೆ ಇಡಿ. ನಡುವೆ ಬಾಗಿ ಮುರಿದು ಬೀಳುತ್ತದೆ. ಹತ್ತು ಪಟ್ಟು ದೊಡ್ಡದಾದರೆ ತೂಕ ಸಾವಿರ ಪಟ್ಟು ಆಗುತ್ತದೆ. ಆ ತೂಕವನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ನೂರು ಪಟ್ಟು ಮಾತ್ರ. ಅಂದರೆ ಮಣ್ಣಿನ ಒಂದೊಂದು ಚೂರೂ ಹತ್ತು ಪಟ್ಟು ಜಾಸ್ತಿ ಭಾರ ಹೊರಬೇಕು. ಕೆಲವು ಮಾರಿನ ಕಮಾನನ್ನು ಸಾವಿರಾರು ಮೈಲಿಗೆ ಹಿಗ್ಗಿಸಿದರೆ ಆ ಭಾರ ಲಕ್ಷಗಟ್ಟಲೆ ಪಟ್ಟು ಏರುತ್ತದೆ. ಯಾವ ಕಲ್ಲೂ ತಡೆಯುವುದಿಲ್ಲ.

ಈ ನಿಯಮವನ್ನು ಜಗತ್ತಿಗೆ ಮೊದಲು ಸರಿಯಾಗಿ ಹೇಳಿದವನು ಯಾರು? ಅದೇ ಗೆಲಿಲಿಯೋ. 1638ರಲ್ಲಿ, 74ನೇ ವಯಸ್ಸಿನಲ್ಲಿ, ಹಾಲೆಂಡಿನ ಲೈಡನ್ನಿನಿಂದ ಬಂದ ಅವನ ಕೊನೆಯ ಪುಸ್ತಕದಲ್ಲಿ. ಆ ಪುಸ್ತಕ ಶುರುವಾಗುವುದೇ ಈ ಪ್ರಶ್ನೆಯಿಂದ. ವೆನಿಸ್ಸಿನ ಹಡಗು ಕಟ್ಟೆಯಲ್ಲಿ ದೊಡ್ಡ ಹಡಗಿಗೆ ಸಣ್ಣ ಹಡಗಿಗಿಂತ ಅಷ್ಟೊಂದು ಜಾಸ್ತಿ ಆಸರೆ ಕಂಬಗಳನ್ನು ಯಾಕೆ ಕೊಡುತ್ತಾರೆ? ಮುಂದೆ ಹೇಳುತ್ತಾನೆ, ಸಣ್ಣ ನಾಯಿ ತನ್ನಷ್ಟೇ ದೊಡ್ಡ ಎರಡು ಮೂರು ನಾಯಿಗಳನ್ನು ಹೊತ್ತೀತು, ಕುದುರೆ ಮಾತ್ರ ತನ್ನಂಥ ಒಂದು ಕುದುರೆಯನ್ನೂ ಹೊರಲಾರದು. ದೈತ್ಯನೊಬ್ಬ ಇರಬೇಕಾದರೆ ಅವನ ಮೂಳೆ ಮನುಷ್ಯನ ಮೂಳೆಯ ಆಕಾರದಲ್ಲಿ ಇರಲಾರದು, ವಿಕಾರವಾಗಿ ದಪ್ಪ ಆಗಬೇಕು. ಅದಕ್ಕೊಂದು ಚಿತ್ರವನ್ನೂ ಕೊಟ್ಟಿದ್ದಾನೆ. ಆ ಚಿತ್ರದ ಹತ್ತಿರವೇ ಇಟಲಿಯ ಇನ್ನೊಬ್ಬ ಮಹಾಕವಿ ಅರಿಯೋಸ್ತೋ ದೈತ್ಯನನ್ನು ಬಣ್ಣಿಸಿದ ಸಾಲುಗಳನ್ನು ನೆನೆಯುತ್ತಾನೆ. ಮೂಳೆಯ ಲೆಕ್ಕ ಹೇಳುವ ಹೊತ್ತಿನಲ್ಲೂ ಅವನ ತಲೆಯಲ್ಲಿ ಓಡುತ್ತಿದ್ದದ್ದು ಕಾವ್ಯದ ದೈತ್ಯರು!

ಇದನ್ನು ನೋಡಿ ಅಮೆರಿಕದ ಭೌತವಿಜ್ಞಾನಿ ಮಾರ್ಕ್ ಪೀಟರ್ಸನ್ ಒಂದು ವಾದ ಮುಂದಿಟ್ಟಿದ್ದಾರೆ. ನರಕದ ಛಾವಣಿಯ ಬಗ್ಗೆ ತಾನು ಹೇಳಿದ್ದು ತಪ್ಪು ಎಂದು ಗೆಲಿಲಿಯೋಗೆ ಬೇಗನೆ ಹೊಳೆದಿರಬೇಕು, ಆ ತಪ್ಪನ್ನು ಸರಿ ಮಾಡಲು ಹೊರಟೇ ಈ ನಿಯಮ ಸಿಕ್ಕಿರಬೇಕು ಅಂತ. ಗೆಲಿಲಿಯೋ ತನ್ನ ಕೈಯಾರೆ ಹಾಗೆ ಬರೆದಿಟ್ಟಿಲ್ಲ. ಇದು ಊಹೆ. ಆದರೆ ನನಗೆ ಈ ಊಹೆಯಲ್ಲಿ ತುಂಬಾ ನಂಬಿಕೆ ಇದೆ. ಆ ಎರಡು ಉಪನ್ಯಾಸಗಳನ್ನು ಅವನು ಬದುಕಿರುವ ತನಕ ಅಚ್ಚು ಹಾಕಿಸಲೇ ಇಲ್ಲ. ಅಷ್ಟು ಹೊಗಳಿಸಿಕೊಂಡ ಮಾತನ್ನು ಮನುಷ್ಯ ಸುಮ್ನೆ ಪೆಟ್ಟಿಗೆಯಲ್ಲಿ ಇಡುವುದಿಲ್ಲ.

ನನ್ನದೇ ಒಂದು ಘಟನೆ ಹೇಳಬೇಕು. ಕಾಲೇಜಿನಲ್ಲಿ ನಾನು ಈ ನಿಯಮವನ್ನು ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ಕೇಳಿದ, "ಹಾಗಾದರೆ ಘಟೋತ್ಕಚ ಸಾಯುವಾಗ ಅಷ್ಟು ದೊಡ್ಡದಾಗಿ ಬೆಳೆದನಲ್ಲ ಸಾರ್, ಅವನ ಕಾಲು ಹೇಗೆ ತಡೆಯಿತು?" ಕ್ಲಾಸಿನವರೆಲ್ಲ ನಕ್ಕರು. ನಾನೂ "ಅದು ಕತೆ, ಬಿಡಪ್ಪ" ಎಂದು ಕೂರಿಸಿದೆ. ಇವತ್ತಿಗೂ ಆ ಮಾತಿಗೆ ನನಗೆ ಬೇಜಾರಿದೆ. ಆ ವರ್ಷ ಆ ಕ್ಲಾಸಿನಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಕತೆಯಲ್ಲಿ ಘಟೋತ್ಕಚ ಬೆಳೆದು ನಿಲ್ಲುವುದಿಲ್ಲ, ಬೆಳೆದು ಕೌರವ ಸೇನೆಯ ಮೇಲೆ ಬೀಳುತ್ತಾನೆ. ಅವನ ತೂಕವೇ ಅವನ ಕೊನೆಯ ಆಯುಧ. "ಎಷ್ಟು ಪಟ್ಟು ಬೆಳೆದರೆ ಕಾಲು ಮುರಿಯುತ್ತದೆ, ಲೆಕ್ಕ ಹಾಕೋಣ ಬಾ" ಎಂದು ಆ ಹುಡುಗನನ್ನು ಬೋರ್ಡಿಗೆ ಕರೆಯಬೇಕಿತ್ತು ನಾನು.

ಇನ್ನು ಚಂದ್ರ. ಇಲ್ಲಿ ಮೂವರೂ ಒಟ್ಟಿಗೆ ಸಿಗುತ್ತಾರೆ.

ನಾವು ಚಂದ್ರನಲ್ಲಿ ಮೊಲ ಕಾಣುತ್ತೇವೆ. ಡಾಂಟೆಗೂ ಆ ಕಲೆಗಳ ಬಗ್ಗೆ ಕುತೂಹಲ. ಸ್ವರ್ಗದ ಭಾಗದಲ್ಲಿ ಚಂದ್ರನಿಗೆ ಹೋದ ಕೂಡಲೇ ಅವನು, ಅಲ್ಲಿ ದಾರಿ ತೋರಿಸುವ ಬಿಯಾತ್ರಿಚೆಯನ್ನು ಕೇಳುವುದೇ ಅದನ್ನು. ಅವಳು ಒಂದು ಪ್ರಯೋಗ ಹೇಳುತ್ತಾಳೆ. ಮೂರು ಕನ್ನಡಿ ತಗೋ. ಎರಡನ್ನು ಒಂದೇ ದೂರದಲ್ಲಿ, ಮೂರನೆಯದನ್ನು ಅವುಗಳ ನಡುವೆ ಇನ್ನೂ ದೂರದಲ್ಲಿ ಇಡು. ನಿನ್ನ ಬೆನ್ನ ಹಿಂದೆ ಒಂದು ದೀಪ ಇಡು. ದೂರದ ಕನ್ನಡಿಯಲ್ಲಿ ದೀಪ ಸಣ್ಣದಾಗಿ ಕಂಡರೂ ಹೊಳಪು ಅಷ್ಟೇ ಇರುತ್ತದೆ. ಹಾಗಾಗಿ ಬೆಳಕು ಚಂದ್ರನ ಒಳಗೆ ದೂರ ಹೋಗಿ ವಾಪಸ್ ಬರುವುದರಿಂದ ಕಲೆ ಕಪ್ಪಾಗಿದೆ ಅನ್ನುವುದು ಸರಿಯಲ್ಲ. ಮಹಾಕಾವ್ಯದ ನಡುವೆ, ಸ್ವರ್ಗದಲ್ಲಿ ನಿಂತು, ಹೀಗೆ ಮಾಡಿ ನೋಡು ಅನ್ನುವ ಕವಿ! ಅವಳು ಕೊನೆಗೆ ಕೊಡುವ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಅದು ಬೇರೆ ಮಾತು.

1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಗೆಲಿಲಿಯೋಗಿಂತ ಮುಂಚೆ. ಒಳ್ಳೆಯ ಗಣಿತಜ್ಞ ಅವನು. ಅವನ ಚಿತ್ರದಲ್ಲಿ ಬೆಳಕು ಕತ್ತಲೆ ಸೇರುವ ಗೆರೆ ಅಂಕುಡೊಂಕಾಗಿದೆ, ಕೆಲವು ಮಚ್ಚೆಗಳಿವೆ. ಅಷ್ಟೇ. ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೋ ನೋಡಿದ. ಅವನ ದೂರದರ್ಶಕ ಇನ್ನೂ ಚೆನ್ನಾಗಿತ್ತು, ನಿಜ. ಆದರೆ ಅವನಿಗೆ ಚಿತ್ರಕಲೆಯೂ ಗೊತ್ತಿತ್ತು. ನೆರಳು ಕೊಟ್ಟರೆ ಚಪ್ಪಟೆ ಕಾಗದದ ಮೇಲೆ ಉಬ್ಬು ತಗ್ಗು ಮೂಡುತ್ತದೆ ಅನ್ನುವುದು ಅವನ ಕಣ್ಣಿಗೆ ಅಭ್ಯಾಸವಾಗಿತ್ತು. ಗೆರೆಯ ಆಚೆ, ಕತ್ತಲೆಯ ಭಾಗದಲ್ಲಿ, ಒಂಟಿ ಬೆಳಕಿನ ಚುಕ್ಕೆಗಳು ಕಂಡವು. ಗಂಟೆ ಕಳೆದಂತೆ ದೊಡ್ಡದಾದವು. ಇದು ಏನು? ಅವನಿಗೆ ಬೆಳಗಿನ ಬೆಟ್ಟ ನೆನಪಾಯಿತು. ಸೂರ್ಯ ಹುಟ್ಟುವ ಮುಂಚೆ ತುದಿಗೆ ಬಿಸಿಲು ಬಿದ್ದಿರುತ್ತದೆ, ಕಣಿವೆ ಇನ್ನೂ ಕತ್ತಲಲ್ಲಿ ಇರುತ್ತದೆ. ಮುಳ್ಳಯ್ಯನಗಿರಿಯ ಹತ್ತಿರ ಬೆಳಗ್ಗೆ ಬೇಗ ಎದ್ದು ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಆ ಕ್ಷಣದಲ್ಲಿ ಚಂದ್ರ ಬೆಳ್ಳಿಯ ತಟ್ಟೆ ಆಗಿ ಉಳಿಯಲಿಲ್ಲ. ಬೆಟ್ಟ ಕಣಿವೆಗಳ ನೆಲವಾದ. ಇದು ಏನು ಹೇಳಿ? ಇದು ಉಪಮೆ. ನಮ್ಮ ಕಾವ್ಯದ ಪಾಠದಲ್ಲಿ ಹೇಳುವ ಉಪಮೆಯೇ. ಕಾಣದ್ದನ್ನು ಕಂಡದ್ದರ ಪಕ್ಕದಲ್ಲಿ ಇಟ್ಟು, ಎರಡರಲ್ಲೂ ಒಂದೇ ರಚನೆ ಇದೆ ಎಂದು ಹಿಡಿಯುವುದು. 1610ರ ಅವನ ಪುಸ್ತಕದಲ್ಲಿ ಚಂದ್ರನ ಗುಳಿಗಳನ್ನು ನವಿಲುಗರಿಯ ಕಣ್ಣುಗಳಿಗೆ ಹೋಲಿಸಿದ್ದಾನೆ. ವಿಜ್ಞಾನದ ವರದಿಯಲ್ಲಿ ನವಿಲು! ಆದರೆ ಉಪಮೆ ಸಿಕ್ಕಿತು ಎಂದು ಅವನು ಕೈಕಟ್ಟಿ ಕೂರಲಿಲ್ಲ. ಬೆಟ್ಟ ಅಂದ ಮೇಲೆ ಎತ್ತರ ಎಷ್ಟು? ಚುಕ್ಕೆ ಗೆರೆಯಿಂದ ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಭಾಗದಷ್ಟು ದೂರ ಇತ್ತು. ವ್ಯಾಸ 2000 ಮೈಲಿ ಅಂತ ಹಿಡಿದರೆ ಆ ದೂರ 100 ಮೈಲಿ, ತ್ರಿಜ್ಯ 1000. ಪೈಥಾಗೊರಸನ ಪ್ರಮೇಯ ಹಾಕಿದರೆ ಬೆಟ್ಟದ ತುದಿ ಚಂದ್ರನ ನಡುವಿನಿಂದ 1004 ಮೈಲಿಗಿಂತ ಜಾಸ್ತಿ ದೂರ. ಅಂದರೆ ಬೆಟ್ಟ 4 ಮೈಲಿಗಿಂತ ಎತ್ತರ. ಹೈಸ್ಕೂಲು ಲೆಕ್ಕ. ಬೆಟ್ಟ ಎಂದು ಹೊಳೆಯದಿದ್ದರೆ ಈ ಲೆಕ್ಕ ಹಾಕಬೇಕು ಎಂದೇ ಯಾರಿಗೂ ತೋಚುತ್ತಿರಲಿಲ್ಲ. ಗೆಲಿಲಿಯೋ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಂದ್ರನ ಚಿತ್ರಗಳಲ್ಲಿ ಗುಳಿಗಳು ಕಾಣಿಸಿಕೊಂಡವು.

ಮನೆಯ ಹಿರಿಯರಿಗೆ ಈ ಒಂದು ಉದಾಹರಣೆ ಹೇಳಿದರೂ ಸಾಕು. ಲೆಕ್ಕ ಬೇಕು ಅನ್ನುವುದರಲ್ಲಿ ಅವರದು ತಪ್ಪಿಲ್ಲ. ಯಾವ ಲೆಕ್ಕ ಎಂದು ಹೇಳುವುದು ಕಲ್ಪನೆ.

1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾಗಿ, ಫ್ಲಾರೆನ್ಸಿನ ಹತ್ತಿರದ ಆರ್ಚೆತ್ರಿಯ ಮನೆಯಲ್ಲಿ ಬಂಧನದಲ್ಲಿದ್ದ. ಕಣ್ಣು ಹೋಗಿತ್ತು. 1638–39ರಲ್ಲಿ ಇಟಲಿ ಸುತ್ತುತ್ತಿದ್ದ ಮೂವತ್ತರ ಹರೆಯದ ಇಂಗ್ಲಿಷ್ ಕವಿ ಮಿಲ್ಟನ್ ಆ ಮುದುಕನನ್ನು ಹುಡುಕಿಕೊಂಡು ಹೋಗಿ ನೋಡಿದ. ಆ ವಿಷಯವನ್ನು 1644ರಲ್ಲಿ ಅವನೇ ಬರೆದಿದ್ದಾನೆ. 1652ರ ಹೊತ್ತಿಗೆ ಮಿಲ್ಟನ್ನನ ಕಣ್ಣೂ ಹೋಯಿತು. ಕುರುಡನಾಗಿ, ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದ ಅವನ ಮಹಾಕಾವ್ಯ 1667ರಲ್ಲಿ ಬಂತು. ಅದರ ಮೊದಲ ಸರ್ಗದಲ್ಲೇ ಸೈತಾನನ ಗುರಾಣಿಯ ವರ್ಣನೆ ಇದೆ. ಅವನ ಬೆನ್ನ ಮೇಲೆ ತೂಗುತ್ತಿದ್ದ ಗುರಾಣಿ ಚಂದ್ರನ ಹಾಗಿತ್ತು. ಯಾವ ಚಂದ್ರ? ಟಸ್ಕನಿಯ ಆ ಕುಶಲಿ, ಅಂದರೆ ಗೆಲಿಲಿಯೋ, ಸಂಜೆ ಹೊತ್ತು ಬೆಟ್ಟದ ಮೇಲೆ ನಿಂತು, ಹೊಸ ನೆಲ, ನದಿ, ಪರ್ವತ ಕಾಣುತ್ತದಾ ಎಂದು ತನ್ನ ಗಾಜಿನ ಮೂಲಕ ನೋಡುವ ಚಂದ್ರ.

ಈ ಉಪಮೆ ಹೇಗೆ ಕೆಲಸ ಮಾಡುತ್ತದೆ ಗಮನಿಸಿ. "ಚಂದ್ರನಂಥ ಗುರಾಣಿ" ಎಂದು ಕೇಳಿದಾಗ ಮೊದಲು ಮನಸ್ಸಿಗೆ ಬರುವುದು ದುಂಡಗಿನ ತಟ್ಟೆ. ಎರಡು ಸಾಲು ಮುಂದೆ ಹೋಗುವಾಗ ಆ ತಟ್ಟೆ ದೂರದರ್ಶಕದ ಒಳಗೆ ಹಿಗ್ಗುತ್ತದೆ. ಬೆಟ್ಟ ನದಿಗಳಿರುವ ಒಂದು ಲೋಕವೇ ಆಗುತ್ತದೆ. ಆ ಲೋಕವನ್ನು ಬೆನ್ನಿಗೆ ಹಾಕಿಕೊಂಡವನ ಮೈ ಎಷ್ಟು ದೊಡ್ಡದಿರಬೇಕು! ಡಾಂಟೆ ಕಂಚಿನ ಕಾಯಿ ಇಟ್ಟು ದೈತ್ಯನನ್ನು ಅಳೆದ. ಮಿಲ್ಟನ್ ಗೆಲಿಲಿಯೋ ಕಂಡ ಚಂದ್ರನನ್ನು ಇಟ್ಟು ಸೈತಾನನನ್ನು ಅಳೆದ. ಮಿಲ್ಟನ್ನನ ಆ ಕಾವ್ಯದಲ್ಲಿ ಅವನ ಕಾಲದ ವ್ಯಕ್ತಿ ಅಂತ ಹೆಸರು ಹಿಡಿದು ಹೇಳಿರುವುದು ಗೆಲಿಲಿಯೋ ಒಬ್ಬನದೇ.

ಹೀಗೆ ಉದ್ದಕ್ಕೆ ಬೆಳೆಯುವ ಉಪಮೆಯನ್ನು ಕನ್ನಡದಲ್ಲಿ ಮಹೋಪಮೆ ಅನ್ನುತ್ತೇವೆ. ಕುವೆಂಪು ತಮ್ಮ ರಾಮಾಯಣದ ಶುರುವಿನಲ್ಲಿ ಪಂಪ, ನಾರಣಪ್ಪರ ಜೊತೆಗೆ ಡಾಂಟೆ, ಮಿಲ್ಟನ್ನರಿಗೂ ಕೈಮುಗಿಯುತ್ತಾರೆ. ಅವರ ಮಹೋಪಮೆಗಳಲ್ಲಿ ಮಲೆನಾಡಿನ ಕಾಡು, ಮಳೆ, ಕಣಿವೆ ಎಲ್ಲ ಬಂದು ಸೇರುತ್ತವೆ. ಇನ್ನು ನಾರಣಪ್ಪ, ಅಂದರೆ ನಿಮ್ಮ ಮಗಳು ಹಾಡುವ ಕುಮಾರವ್ಯಾಸ, ಅವನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತಲೇ ಹೆಸರು. ಅವನ ಒಂದೊಂದು ಷಟ್ಪದಿಯನ್ನೂ ಬಾಯಿಪಾಠ ಮಾಡಿ ರಾಗದಲ್ಲಿ ಬಿಡಿಸಿ ಹೇಳುವ ಹುಡುಗಿ, ದಿನಾ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬಹುದು ಎಂದು ಕಲಿಯುತ್ತಿದ್ದಾಳೆ.

ಈಗ ವ್ಯತ್ಯಾಸ. ಇದನ್ನು ಮುಚ್ಚಿಟ್ಟರೆ ನಾನು ನಿಮಗೆ ಅರ್ಧ ಉತ್ತರ ಕೊಟ್ಟ ಹಾಗೆ. ಗೆಲಿಲಿಯೋನ ಕಲ್ಪನೆ ಒಂದು ಕಡೆ ಅವನನ್ನು ದಾರಿ ತಪ್ಪಿಸಿತು. ಸಮುದ್ರದ ಉಬ್ಬರವಿಳಿತಕ್ಕೆ ಭೂಮಿಯ ಚಲನೆಯೇ ಕಾರಣ ಎಂದು ಅವನು ನಂಬಿದ್ದ. ದೋಣಿಯಲ್ಲಿ ನೀರು ತುಂಬಿ ವೇಗ ಬದಲಾಯಿಸಿದರೆ ನೀರು ತುಳುಕುತ್ತದೆ, ಹಾಗೆಯೇ ಇದು ಎಂದ. ಇದೂ ಚಂದದ ಉಪಮೆಯೇ. ಆದರೆ ಅದರ ಪ್ರಕಾರ ದಿನಕ್ಕೆ ಒಂದೇ ಉಬ್ಬರ ಬರಬೇಕು. ಕಾರವಾರದ, ಮಲ್ಪೆಯ ಮೀನುಗಾರರನ್ನು ಕೇಳಿ, ಸುಮಾರು ಆರು ಗಂಟೆ ನೀರು ಏರುತ್ತದೆ, ಆರು ಗಂಟೆ ಇಳಿಯುತ್ತದೆ, ದಿನಕ್ಕೆ ಎರಡು ಉಬ್ಬರ ಅನ್ನುತ್ತಾರೆ. ಚಂದ್ರ ಎಳೆಯುತ್ತಾನೆ ಎಂದು ಅವನ ಕಾಲದ ಖಗೋಳವಿಜ್ಞಾನಿ ಕೆಪ್ಲರ್ ಹೇಳಿದ್ದ. ಗೆಲಿಲಿಯೋ ಅದನ್ನು ಹುಡುಗಾಟ ಎಂದು ತಳ್ಳಿಹಾಕಿದ. ಕೆಪ್ಲರ್ ಕಡೆಯೇ ಸತ್ಯ ಜಾಸ್ತಿ ಇತ್ತು. ಗೆಲಿಲಿಯೋನ ಉಬ್ಬರದ ವಾದವನ್ನು ಈಗ ಯಾರೂ ಪಾಠ ಮಾಡುವುದಿಲ್ಲ. ಡಾಂಟೆಯ ನರಕದ ಛಾವಣಿ ನಿಲ್ಲುವುದಿಲ್ಲ ಎಂದು ಗೊತ್ತಾಗಿ ನಾನೂರು ವರ್ಷ ಆದರೂ ಅವನ ಕಾವ್ಯವನ್ನು ಓದುತ್ತಲೇ ಇದ್ದೇವೆ.

ಕವಿ ಕಟ್ಟಿದ್ದು ಅದರೊಳಗಿನ ಎಲ್ಲದರ ಜೊತೆ ಹೊಂದಿಕೊಂಡರೆ ಸಾಕು. ವಿಜ್ಞಾನಿ ಕಟ್ಟಿದ್ದು ಹೊರಗಿನ ಸಮುದ್ರದ ಜೊತೆಗೂ ಹೊಂದಿಕೊಳ್ಳಬೇಕು. ಹೊಂದದಿದ್ದರೆ ಎಷ್ಟೇ ಮುದ್ದಾಗಿದ್ದರೂ ಬಿಟ್ಟುಕೊಡಬೇಕು. ಈ ಬಿಟ್ಟುಕೊಡುವುದನ್ನು ಕಾವ್ಯ ಕಲಿಸುವುದಿಲ್ಲ. ಅದನ್ನು ಪ್ರಯೋಗಶಾಲೆಯಲ್ಲಿ, ತಪ್ಪು ಉತ್ತರ ಬಂದಾಗ, ಅವಳು ಬೇರೆಯಾಗಿ ಕಲಿಯಬೇಕು. "ಎರಡೂ ಒಂದೇ ಥರದ ಕೆಲಸ" ಅನ್ನುವ ಅವಳ ಮಾತಿಗೆ ನಾನು ಸೇರಿಸುವುದು ಇಷ್ಟನ್ನೇ.

ಗಮಕ ಬಿಡಿಸಬೇಡಿ. ಸಮಯದ ಒತ್ತಡ ಇದ್ದರೆ ವಾರಕ್ಕೆ ಒಂದು ದಿನ ಮಾಡಿ, ಪರವಾಗಿಲ್ಲ.

ಜೊತೆಗೆ ಒಂದು ಕೆಲಸ ಹೇಳುತ್ತೇನೆ. ಶುಕ್ಲಪಕ್ಷದ ಸಪ್ತಮಿಯೋ ಅಷ್ಟಮಿಯೋ, ಮೋಡ ಇಲ್ಲದ ಸಂಜೆ, ಅವಳನ್ನು ಮನೆಯ ಮಾಳಿಗೆಗೆ ಕರೆದುಕೊಂಡು ಹೋಗಿ. ಸಾಧಾರಣ ಬೈನಾಕ್ಯುಲರ್ ಸಾಕು. ಕೈ ನಡುಗದ ಹಾಗೆ ಗೋಡೆಗೆ ಒರಗಿಸಿ ಹಿಡಿಯಲಿ. ಚಂದ್ರನ ಅರ್ಧ ಬೆಳಕು, ಅರ್ಧ ಕತ್ತಲೆ ಇರುತ್ತದೆ. ನಡುವಿನ ಗೆರೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡುತ್ತಾ ಬರಲಿ. ಗೆರೆಯ ಆಚೆ, ಕತ್ತಲಲ್ಲಿ, ಒಂದು ಸಣ್ಣ ಬೆಳಕಿನ ಚುಕ್ಕೆ ಕಾಣಬಹುದು. ಕಂಡರೆ ಗಂಟೆ ಬರೆದಿಟ್ಟು, ಒಂದು ಕಾಗದದ ಮೇಲೆ ಚಿತ್ರ ಹಾಕಲಿ. ಊಟ ಮುಗಿಸಿ ಎರಡು ಗಂಟೆ ಬಿಟ್ಟು ಇಬ್ಬರೂ ಮತ್ತೆ ಹತ್ತಿ ನೋಡಿ. ಮೊದಲ ಚಿತ್ರದ ಪಕ್ಕದಲ್ಲೇ ಎರಡನೆಯದನ್ನೂ ಬರೆಯಲಿ. ಆ ಕಾಗದವನ್ನು ನನಗೆ ಕಳಿಸಿದರೆ ಬೆಟ್ಟದ ಎತ್ತರವನ್ನು ಅವಳ ಜೊತೆ ಕೂತು ಲೆಕ್ಕ ಹಾಕುತ್ತೇನೆ.